ಫಾಸ್ಟ್ ಅಂದ್ರ ಬರೇ ‘ಲಗೂ’ ಅಲ್ಲ

ಇಳಕಲ್ ಸೀರೆ ಅಂಗಡಿಯಲ್ಲಿ ‘ಇದು ಫಾಸ್ಟ್ ಕಲರ್ ರೀ’ ಎಂದರೆ ಬಣ್ಣ ಲಗೂ (ಬೇಗ) ಹೋಗುತ್ತದೆ ಎಂದಲ್ಲ, ಹೋಗುವುದೇ ಇಲ್ಲ ಎಂದು. ಹಳೆಯ ಇಂಗ್ಲಿಷಿನಲ್ಲಿ ‘ಫಾಸ್ಟ್’ ಅಂದರೆ ಗಟ್ಟಿ, ಅಲುಗದ್ದು. ವೇಗದ ಅರ್ಥ ಆಮೇಲೆ ಕೂಡಿಕೊಂಡದ್ದು. ನಮ್ಮ ‘ಜೋರು’ ನೋಡಿ: ಮೂಲದಲ್ಲಿ ಬಲ, ಆದರೆ ‘ಜೋರಾಗಿ ಓಡು’ ಎಂದಾಗ ವೇಗ. ಎರಡೂ ಹಿಡಿದದ್ದು ಒಂದೇ ದಾರಿ. ಆದ್ದರಿಂದ ವಾಕ್ಯದಲ್ಲಿ ‘ಲಗೂ’ ಇಟ್ಟು ನೋಡಿ. ಹೊಂದದಿದ್ದರೆ ‘ಗಟ್ಟಿ’ ಇಡಿ. ಹೆಚ್ಚಿನ ಗಂಟು ಅಲ್ಲಿಗೇ ಬಿಚ್ಚುತ್ತದೆ.

ಅಂಗಡಿಯವರ ಮಾತನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಿಳಿ ಹತ್ತಿ ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ, ಕೆಂಪು ಸೆರಗಿನ ಒಳಮಗ್ಗುಲಲ್ಲಿ ಒತ್ತಿ ಹತ್ತು ಸಲ ತಿಕ್ಕಿ. ಇನ್ನೊಂದು ತುಂಡನ್ನು ತೋಯಿಸಿ ಹಿಂಡಿ, ಪಕ್ಕದ ಜಾಗದಲ್ಲಿ ಹಾಗೆಯೇ ಮಾಡಿ. ಒಣ ತುಂಡು ಬೆಳ್ಳಗೇ ಉಳಿದು ಹಸಿ ತುಂಡು ಗುಲಾಬಿಯಾದರೆ, ನೂಲಿಗೆ ಕಚ್ಚದ ಬಣ್ಣ ಮೇಲೆಯೇ ಕೂತಿದೆ, ಬಣ್ಣ ಹಾಕಿದ ಮೇಲೆ ನೂಲನ್ನು ಸರಿಯಾಗಿ ತೊಳೆದಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವವರು ಬಹಳ; ನೇಯ್ದು ಬಂದ ಸೀರೆಗೆ ಅದರಿಂದ ಏನೂ ಆಗದು. ಬೇರೆಯಾಗಿ, ತಣ್ಣೀರಿನಲ್ಲಿ, ನೆನೆಹಾಕದೆ ತೊಳೆಯಿರಿ. ಹಸಿ ಸೀರೆ ಮಡಚಿಡಬೇಡಿ, ಸೆರಗಿನ ಕೆಂಪು ಒಡಲಿಗೆ ಇಳಿಯುತ್ತದೆ. ತೊಳೆದರೆ ಹೋಗದ ಬಣ್ಣವೂ ಬಿಸಿಲಿಗೆ ಹೋಗಬಹುದು. ಅದಕ್ಕೇ ಪ್ರಯೋಗಾಲಯದಲ್ಲಿ ತೊಳೆತ, ತಿಕ್ಕುವಿಕೆಗೆ 1ರಿಂದ 5 ಅಂಕ, ಬೆಳಕಿಗೆ ಬೇರೆಯೇ 1ರಿಂದ 8. ಅಂಕ ಹೆಚ್ಚಿದ್ದಷ್ಟೂ ಬಣ್ಣ ಪಕ್ಕಾ.

ಇನ್ನು ವಾಕ್ಯಗಳಿಗೆ ಬಂದರೆ, ಮೊದಲು ಕ್ರಿಯಾಪದ ನೋಡಿ. ಓಡು, ಹೋಗು, ಮಾತಾಡು ಇದ್ದರೆ ವೇಗ. ಹಿಡಿ, ಕಟ್ಟು, ಸಿಕ್ಕಿಬೀಳು ಇದ್ದರೆ ಬಿಗಿ. ‘ದ ಕಾರ್ಟ್ ಸ್ಟಕ್ ಫಾಸ್ಟ್’ ಅಂದರೆ ಮಳೆಗಾಲದ ಎರಿ ಹೊಲದಲ್ಲಿ ಬಂಡಿ ಗಾಲಿ ಹುಗಿದು ಕೂತಂತೆ: ಎತ್ತು ಎಳೆದರೂ ಕದಲದು.

ಹುಡುಗರು ಹೆಚ್ಚು ಎಡವುವುದು ನಿದ್ದೆಯಲ್ಲಿ. ‘ಹಿ ವಾಸ್ ಫಾಸ್ಟ್ ಅಸ್ಲೀಪ್’: ಗಾಢ ನಿದ್ದೆಯಲ್ಲಿದ್ದ. ‘ಹಿ ಫೆಲ್ ಅಸ್ಲೀಪ್ ಫಾಸ್ಟ್’: ಮಲಗಿದ್ದೇ ತಡ, ನಿದ್ದೆ ಹತ್ತಿತು. ಶಬ್ದ ಹಿಂದೆಮುಂದೆ ಆದರೆ ಅರ್ಥವೇ ಬೇರೆ. ‘ಫಾಸ್ಟ್ ಫ್ರೆಂಡ್ಸ್’ ಜೀವದ ಗೆಳೆಯರು, ‘ಹಾರ್ಡ್ ಅಂಡ್ ಫಾಸ್ಟ್ ರೂಲ್’ ಸಡಿಲಿಸಲಾಗದ ನಿಯಮ.

ಗಡಿಯಾರದ ‘ಫಾಸ್ಟ್’ ಅಂದರೆ ಮುಂದಿದೆ ಎಂದು. ಐದು ನಿಮಿಷ ಫಾಸ್ಟ್ ಇರುವ ಗಡಿಯಾರ 9.30 ತೋರಿಸಿದರೆ ನಿಜವಾದ ವೇಳೆ 9.25, ಅಂದರೆ ಕಳೆಯಬೇಕು. ಕೂಡಿಸಿದವರಿಗೆ ಬಸ್ಸು ತಪ್ಪಿಹೋಯಿತೆಂಬ ಸುಳ್ಳು ಗಾಬರಿ.

ರೈಲಿನಲ್ಲಿ ‘ಸೂಪರ್‌ಫಾಸ್ಟ್’ ಬರೇ ಹೊಗಳಿಕೆಯಲ್ಲ, ಒಂದು ದರ್ಜೆ. ಬ್ರಾಡ್‌ಗೇಜಿನಲ್ಲಿ ಹೋಗುವಾಗ ಬರುವಾಗ ಎರಡೂ ಕಡೆ ಸರಾಸರಿ ವೇಗ ಗಂಟೆಗೆ ಕನಿಷ್ಠ 55 ಕಿ.ಮೀ. ಇರಬೇಕು, ಟಿಕೆಟ್ಟಿಗೆ ಹೆಚ್ಚುವರಿ ಶುಲ್ಕವೂ ಉಂಟು. ಬೆಳಗಾವಿಗೆ ಬರುವ ರಾಣಿ ಚೆನ್ನಮ್ಮ 16589, ವಿಜಯಪುರಕ್ಕೆ ಬರುವ ಗೋಲಗುಂಬಜ್ 16535: ಎರಡೂ ಬರೇ ಎಕ್ಸ್‌ಪ್ರೆಸ್.

ಅದೇ ಗೋಲಗುಂಬಜದ ಮಬ್ಬುಗತ್ತಲಲ್ಲಿ ಫೋಟೋ ತೆಗೆಯಲು ‘ಫಾಸ್ಟ್ ಲೆನ್ಸ್’ ಬೇಕು ಎನ್ನುತ್ತಾರೆ. ಲೆನ್ಸಿಗೇನೂ ಓಟವಿಲ್ಲ. ಅದರ ಬಾಯಿ ದೊಡ್ಡದು, ಅಷ್ಟೇ. ಲೆನ್ಸಿನ ಮೇಲಿನ ಎಫ್ ಅಂಕ ಸಣ್ಣದಾದಷ್ಟೂ ಬಾಯಿ ದೊಡ್ಡದು: ಎಫ್ 3.5ಕ್ಕಿಂತ ಎಫ್ 1.8ರಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಹಾಗಾಗಿ ಶಟರ್ ಬೇಗ ಮುಚ್ಚಬಹುದು, ಚಿತ್ರ ಅಲುಗದು.

‘ಫಾಸ್ಟ್‌ಲಿ’ ಎಂಬ ಶಬ್ದ ಈಗಿನ ಇಂಗ್ಲಿಷಿನಲ್ಲಿಲ್ಲ. ‘ಹಿ ರನ್ಸ್ ಫಾಸ್ಟ್’ ಸಾಕು.

ಉಪವಾಸದ ‘ಫಾಸ್ಟ್’ ಕೂಡ ‘ಗಟ್ಟಿ’ಯ ಮನೆತನದ್ದೇ: ನೇಮವನ್ನು ಬಿಡದೆ ಹಿಡಿಯುವುದು. ಅದನ್ನು ಮುರಿಯುವ ಊಟವೇ ಬ್ರೇಕ್‌ಫಾಸ್ಟ್. ಡಾಕ್ಟರ್ ಚೀಟಿಯಲ್ಲಿ ‘ಫಾಸ್ಟಿಂಗ್ ಶುಗರ್’ ಇದ್ದರೆ ಕನಿಷ್ಠ 8 ತಾಸು ನೀರು ಬಿಟ್ಟು ಏನೂ ಬಾಯಿಗೆ ಹೋಗಬಾರದು. ಏಕಾದಶಿಗೆ ನಡೆಯುವ ಸಾಬೂದಾಣಿ, ಹಾಲು, ಬಾಳೆಹಣ್ಣು ಇಲ್ಲಿ ನಡೆಯವು. ಮುಂಜಾನೆ ಅರ್ಧ ಕಪ್ ಚಹಾ ಕುಡಿದು ಹೋದರೂ ಮರುದಿನ ಮತ್ತೆ ಸೂಜಿ.