ತುಟಿ ಮೇಲಿನ ಗುಳ್ಳೆಗೆ ಅಸೈಕ್ಲೋವಿರ್ ಕ್ರೀಮು: ನಾನು ಹಚ್ಚುವ ರೀತಿ, ಅದರಿಂದ ಸಿಗುವ ಲಾಭ

ಜ್ವರ ಬಂದಾಗ, ಬಿಸಿಲಲ್ಲಿ ಸುತ್ತಿದಾಗ, ನಿದ್ದೆಗೆಟ್ಟಾಗ ತುಟಿಯ ಅಂಚಿನಲ್ಲಿ ಗುಂಪಾಗಿ ನೀರುಗುಳ್ಳೆ ಏಳುತ್ತವಲ್ಲ, ಅದು ನನಗೆ ಹೈಸ್ಕೂಲಿನಿಂದಲೂ ಇದೆ. ನಮ್ಮ ಬಳ್ಳಾರಿ ಕಡೆ ಇದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಮೈಗೆ ಉಷ್ಣ ಆಗಿದೆ, ಎಳನೀರು ಕುಡಿ ಅಂತಾರೆ. ಒಳಗಿನ ಜ್ವರ ಹೊರಗೆ ಬಿತ್ತು ಅಂತಾರೆ. ರಾತ್ರಿ ಮಲಗಿದಾಗ ಹಲ್ಲಿ ಉಚ್ಚೆ ಹೊಯ್ದಿದೆ ಅನ್ನುವವರೂ ಇದ್ದಾರೆ. ಇದು ಒಂದು ವೈರಸ್ಸಿನ ಕೆಲಸ, ಹೆಸರು ಹರ್ಪಿಸ್ ಸಿಂಪ್ಲೆಕ್ಸ್, ಅದರಲ್ಲೂ ಹೆಚ್ಚಾಗಿ ಅದರ ಒಂದನೇ ವಿಧ. ಇದಕ್ಕೆ ಹಚ್ಚುವ ಅಸೈಕ್ಲೋವಿರ್ ಕ್ರೀಮನ್ನು ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ಅದನ್ನು ಸರಿಯಾಗಿ ಹಚ್ಚೋದು ಹೇಗೆ, ಅದರಿಂದ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು ಅನ್ನೋದನ್ನು ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹೆದರಿಕೆಯ ವಿಷಯ. ಹರ್ಪಿಸ್ ಅಂತ ಮೊಬೈಲಲ್ಲಿ ಹುಡುಕಿದರೆ ಬರುವುದನ್ನೆಲ್ಲ ಓದಿ ಎಷ್ಟೋ ಜನ ಕುಸಿದು ಹೋಗುತ್ತಾರೆ, ಮನೆಯವರ ಹತ್ತಿರ ಹೇಳಲೂ ನಾಚುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 50 ವರ್ಷದೊಳಗಿನವರಲ್ಲಿ ನೂರಕ್ಕೆ 64 ಜನರ ಮೈಯಲ್ಲಿ ಈ ಒಂದನೇ ವಿಧದ ವೈರಸ್ ಇದೆ. ಜಗತ್ತಿನಲ್ಲಿ ಸುಮಾರು 380 ಕೋಟಿ ಜನ! ಬಹಳಷ್ಟು ಮಂದಿಗೆ ಇದು ಚಿಕ್ಕವರಿದ್ದಾಗಲೇ ಬಂದಿರುತ್ತದೆ, ಯಾರೋ ಪ್ರೀತಿಯಿಂದ ಕೊಟ್ಟ ಒಂದು ಮುತ್ತಿನಿಂದ. ಕೆಲವರಿಗೆ ಜೀವನದಲ್ಲಿ ಒಮ್ಮೆಯೂ ಗುಳ್ಳೆ ಏಳುವುದೇ ಇಲ್ಲ. ನನ್ನಂಥವರಿಗೆ ಮತ್ತೆ ಮತ್ತೆ ಏಳುತ್ತದೆ. ಇದರಲ್ಲಿ ನಡತೆಯ ಮಾತೇ ಇಲ್ಲ, ನಾಚಿಕೆಯ ಮಾತೂ ಇಲ್ಲ.

ಈ ವೈರಸ್ ಒಮ್ಮೆ ಬಂದರೆ ಹೋಗುವುದಿಲ್ಲ. ಮುಖದ ನರಗಳ ಬುಡದಲ್ಲಿ, ಕಿವಿಯ ಹತ್ತಿರ ತಲೆಬುರುಡೆಯ ಒಳಗಿರುವ ಒಂದು ನರಗಂಟಿನಲ್ಲಿ ಸುಮ್ಮನೆ ಮಲಗಿರುತ್ತದೆ. ಮೈ ಸೋತಾಗ ಎದ್ದು ನರದ ಗುಂಟ ಇಳಿದು ತುಟಿಗೆ ಬರುತ್ತದೆ. ಪ್ರತಿ ಸಲ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗುಳ್ಳೆ ಏಳುವುದು ಅದಕ್ಕೇ. ನನಗೆ ಕೆಳತುಟಿಯ ಎಡಗಡೆ. ಯಾವ ಕ್ರೀಮೂ ಆ ನರಗಂಟಿನವರೆಗೆ ಹೋಗಿ ವೈರಸ್ಸನ್ನು ಕೊಲ್ಲುವುದಿಲ್ಲ. ಹಚ್ಚಿದ ಕ್ರೀಮಿನ ಕೆಲಸವೆಲ್ಲ ಚರ್ಮದಲ್ಲಿ, ಆ ಸಲದ ಗುಳ್ಳೆಯ ಮೇಲೆ ಮಾತ್ರ.

ಟ್ಯೂಬು ತರುವ ಮೊದಲು ಇದು ಅದೇ ಗುಳ್ಳೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬಾಯಿಯ ಒಳಗೆ, ಕೆನ್ನೆಯ ಒಳಭಾಗದಲ್ಲಿ ಬಿಳಿಯಾಗಿ ಗುಂಡಗೆ ಆಗುವ ಬಾಯಿಹುಣ್ಣು ಸಾಮಾನ್ಯವಾಗಿ ಬೇರೆ. ಬಾಯಿಯ ಎರಡೂ ಮೂಲೆ ಸೀಳಿ ಉರಿಯುವುದು ಬೇರೆ, ಅದಕ್ಕೆ ಫಂಗಸ್ಸೋ ಕಬ್ಬಿಣಾಂಶದ ಕೊರತೆಯೋ ಬಿ ಜೀವಸತ್ವದ ಕೊರತೆಯೋ ಕಾರಣ ಇರಬಹುದು. ಮೈಯ ಒಂದೇ ಕಡೆ ಪಟ್ಟಿಯಂತೆ ಏಳುವ ಸರ್ಪಸುತ್ತು ಇದೇ ಕುಟುಂಬದ ಇನ್ನೊಂದು ವೈರಸ್ಸಿಂದ ಬರುತ್ತದೆ, ಅದಕ್ಕೆ ಮಾತ್ರೆ ಬೇಕು, ಬೇಗ ಡಾಕ್ಟರ ಹತ್ತಿರ ಹೋಗಬೇಕು. ನಮ್ಮ ಗುಳ್ಳೆಯ ಗುರುತು ಹೀಗೆ: ಮೊದಲು ಚುರುಚುರು ಅನ್ನುತ್ತದೆ, ಆಮೇಲೆ ಕೆಂಪಾಗಿ ಊದುತ್ತದೆ, ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ ಒತ್ತೊತ್ತಾಗಿ ಏಳುತ್ತವೆ, ಒಡೆದು ಹಸಿ ಹುಣ್ಣಾಗುತ್ತದೆ, ಹಕ್ಕಳೆ ಕಟ್ಟುತ್ತದೆ, ಹತ್ತು ದಿನದೊಳಗೆ ಉದುರುತ್ತದೆ. ಮೊದಲ ಸಲ ನನಗೆ ಇದನ್ನು ನೋಡಿ ಗುರುತಿಸಿದ್ದು ಒಬ್ಬ ಚರ್ಮದ ಡಾಕ್ಟರು. ನೀವೂ ಒಮ್ಮೆ ತೋರಿಸಿಕೊಳ್ಳಿ, ಆಮೇಲೆ ನಿಮಗೇ ಗೊತ್ತಾಗುತ್ತದೆ.

ಇನ್ನು ಕ್ರೀಮು. ಕೇಳಬೇಕಾದ್ದು ಅಸೈಕ್ಲೋವಿರ್ 5 ಪರ್ಸೆಂಟ್ ಕ್ರೀಮು. ಜೋವಿರಾಕ್ಸ್, ಏಸಿವಿರ್, ಹರ್ಪೆಕ್ಸ್ ಹೀಗೆ ಬೇರೆ ಬೇರೆ ಹೆಸರಲ್ಲಿ ಬರುತ್ತದೆ, ಒಳಗಿನ ಮದ್ದು ಒಂದೇ. ಇಂಗ್ಲೆಂಡಿನಲ್ಲಿ ಇದನ್ನು 1993ರಿಂದ ಡಾಕ್ಟರ ಚೀಟಿ ಇಲ್ಲದೆಯೇ ಮಾರುತ್ತಾರೆ. ಅಲ್ಲಿರುವ ನನ್ನ ತಮ್ಮ ಚಳಿಗಾಳಿಗೆ ಗುಳ್ಳೆ ಎದ್ದರೆ ಔಷಧಿ ಅಂಗಡಿಗೆ ಹೋಗಿ ಎರಡು ಗ್ರಾಮಿನ ಪುಟಾಣಿ ಟ್ಯೂಬು ತಂದುಕೊಳ್ಳುತ್ತಾನೆ. ಕಣ್ಣಿಗೆ ಹಾಕುವ ಅಸೈಕ್ಲೋವಿರ್ ಮುಲಾಮು 3 ಪರ್ಸೆಂಟಿನದು, ಅದರ ಬಳಕೆಯೇ ಬೇರೆ. ಟ್ಯೂಬಿನ ಮೇಲೆ ಬರೆದಿದ್ದನ್ನು ಓದಿ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ತುಟಿ ಮೇಲೆ ಏನೋ ಆಗಿದೆ ಅಂದರೆ ಸಾಕು, ಸ್ಟೀರಾಯ್ಡು, ಫಂಗಸ್ ಮದ್ದು, ಆಂಟಿಬಯಾಟಿಕ್ ಮೂರೂ ಬೆರೆಸಿದ ಮುಲಾಮು ಎತ್ತಿಕೊಡುವ ಅಭ್ಯಾಸ ನಮ್ಮಲ್ಲಿ ಇದೆ. ವೈರಸ್ ಎದ್ದಿರುವ ಜಾಗಕ್ಕೆ ಬರೀ ಸ್ಟೀರಾಯ್ಡು ಹಚ್ಚಿದರೆ ಆ ಜಾಗದ ಕಾವಲು ಇನ್ನೂ ತಗ್ಗುತ್ತದೆ, ಗುಳ್ಳೆ ಹರಡಬಹುದು. ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಜನ ಅದಕ್ಕೇ ಮೋಸ ಹೋಗುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ಮದ್ದಿನ ಹೆಸರು ಬಾಯಿಬಿಟ್ಟು ಕೇಳಿ, ಬೇರೆ ಕೊಟ್ಟರೆ ವಾಪಸ್ ಕೊಡಿ.

ಈಗ ಹಚ್ಚುವ ರೀತಿ. ತುಟಿಯ ಆ ಜಾಗದಲ್ಲಿ ಚುರುಚುರು ಶುರುವಾಯಿತೋ, ಅದೇ ಹೊತ್ತು. ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ ಆಗ. ಸುಮ್ನೆ ಒಂಥರಾ ಬಿಗಿತ, ತುರಿಕೆ, ನಾಲಿಗೆ ಪದೇಪದೇ ಅಲ್ಲಿಗೇ ಹೋಗುತ್ತದೆ. ಕೆಲವರಿಗೆ ಇದು ಅರ್ಧ ದಿನ ಇರುತ್ತದೆ, ಕೆಲವರಿಗೆ ಒಂದು ದಿನ. ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುತ್ತಾ ಜಾಸ್ತಿಯಾಗುವ ಸಮಯ ಅದು, ಮದ್ದು ತಡೆಯುವುದೂ ಆ ನಕಲು ಕೆಲಸವನ್ನೇ. ಹಾಗಾಗಿ ಟ್ಯೂಬು ಕೈಗೆ ಸಿಗುವ ಹಾಗಿರಬೇಕು. ಮನೆಯಲ್ಲಿ ಒಂದು, ಬ್ಯಾಗಿನಲ್ಲಿ ಒಂದು ಇಡುತ್ತೇನೆ. ಸ್ಕೂಟರ್ ಡಿಕ್ಕಿಯಲ್ಲಿ ಮಾತ್ರ ಇಡುವುದಿಲ್ಲ. ನಮ್ಮೂರ ಏಪ್ರಿಲ್ ಮೇ ಬಿಸಿಲಿಗೆ ಡಿಕ್ಕಿಯ ಒಳಗೆ ಕೈ ಇಡಲು ಆಗುವುದಿಲ್ಲ, ಕ್ರೀಮು ನೀರಾಗಿ ಎಣ್ಣೆ ಬೇರೆ ನೀರು ಬೇರೆ ಆಗಿಬಿಡುತ್ತದೆ. ತಂಪಿನ ಜಾಗ ಸಾಕು, ಫ್ರಿಜ್ಜಿನ ಅಗತ್ಯವಿಲ್ಲ.

ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳುತ್ತೇನೆ. ತುಟಿಯೂ ಒಣಗಿರಬೇಕು. ಇಯರ್ ಬಡ್ಡಿನ ತುದಿಗೆ ಸಾಸಿವೆಯಷ್ಟು ಕ್ರೀಮು ತೆಗೆದುಕೊಂಡು, ಚುರುಚುರು ಅನ್ನುವ ಜಾಗಕ್ಕೆ ಮತ್ತು ಅದರ ಸುತ್ತ ಸ್ವಲ್ಪ ಜಾಗಕ್ಕೆ ಮೆಲ್ಲಗೆ ಒತ್ತಿ ಹಚ್ಚುತ್ತೇನೆ. ಉಜ್ಜುವುದಿಲ್ಲ. ಉಜ್ಜಿದರೆ ಗುಳ್ಳೆ ಒಡೆಯುತ್ತದೆ, ನೀರು ಪಕ್ಕಕ್ಕೆ ಹರಡುತ್ತದೆ. ಬಡ್ಡನ್ನು ಎಸೆದು ಮತ್ತೆ ಕೈ ತೊಳೆಯುತ್ತೇನೆ. ಒಮ್ಮೆ ತುಟಿಗೆ ಮುಟ್ಟಿಸಿದ ಬಡ್ಡನ್ನು ಟ್ಯೂಬಿನ ಬಾಯಿಗೆ ತಾಗಿಸಬೇಡಿ. ಟ್ಯೂಬು ಒಬ್ಬರದು ಒಬ್ಬರಿಗೇ, ಗಂಡ ಹೆಂಡತಿ ಇದ್ದರೂ ಅಷ್ಟೇ.

ದಿನಕ್ಕೆ ಐದು ಸಲ, ಎಚ್ಚರ ಇರುವಾಗ ಸುಮಾರು ನಾಲ್ಕು ಗಂಟೆಗೆ ಒಮ್ಮೆ, ಐದು ದಿನ. ವಾಸಿ ಆಗದಿದ್ದರೆ ಇನ್ನೈದು ದಿನ ಮುಂದುವರಿಸಬಹುದು. ಜನ ಸೋಲುವುದು ಇಲ್ಲೇ. ಬೆಳಿಗ್ಗೆ ಒಮ್ಮೆ ರಾತ್ರಿ ಒಮ್ಮೆ ಹಚ್ಚಿ, ಈ ಕ್ರೀಮು ಏನೂ ಕೆಲಸ ಮಾಡಲ್ಲ ಅಂತಾರೆ. ನಾನು ಬೀಜ ಗೊಬ್ಬರದ ಕಂಪನಿ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗುವವಳು, ಗಡಿಯಾರ ನೋಡಿಕೊಂಡು ಹಚ್ಚುವುದು ನನ್ನಿಂದ ಆಗದು. ಹಾಗಾಗಿ ಊಟ ತಿಂಡಿಗೆ ಕಟ್ಟಿಕೊಂಡಿದ್ದೇನೆ: ಬೆಳಿಗ್ಗೆ ಮುಖ ತೊಳೆದ ಮೇಲೆ, ಹನ್ನೊಂದರ ಚಹಾ ಆದ ಮೇಲೆ, ಮಧ್ಯಾಹ್ನದ ಊಟ ಆದ ಮೇಲೆ, ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಮಲಗುವ ಮುಂಚೆ. ಎಲ್ಲವೂ ತಿಂದ, ಕುಡಿದ ಮೇಲೆ. ಮೊದಲೇ ಹಚ್ಚಿದರೆ ರೊಟ್ಟಿ ಪಲ್ಯದ ಜೊತೆ ಹೊಟ್ಟೆಗೆ ಹೋಗುತ್ತದೆ ಅಲ್ವಾ. ಹಚ್ಚಿದಾಗ ಕ್ಷಣಹೊತ್ತು ಉರಿಯುವುದು, ಆಮೇಲೆ ಚರ್ಮ ಒಣಗಿ ಸಿಪ್ಪೆ ಏಳುವುದು ಸಾಮಾನ್ಯ. ತುಂಬಾ ಕೆಂಪಾಗಿ ಊದಿಕೊಂಡರೆ ಕ್ರೀಮು ಒಗ್ಗಿಲ್ಲ ಅಂತ ಅರ್ಥ, ನಿಲ್ಲಿಸಿ. ಬಾಯಿಯ ಒಳಗೆ, ಕಣ್ಣಿಗೆ ಹಚ್ಚುವುದಕ್ಕಲ್ಲ ಇದು.

ಈ ಮದ್ದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ವೈರಸ್ ಹೊಸ ಡಿಎನ್ಎ ಕಟ್ಟುವುದು ಮಣಿ ಪೋಣಿಸಿದಂತೆ, ಒಂದಾದ ಮೇಲೆ ಒಂದು. ಅಸೈಕ್ಲೋವಿರ್ ನೋಡಲು ಅದೇ ಮಣಿಯಂತಿರುತ್ತದೆ, ಆದರೆ ಒಂದು ಕಡೆ ಮಾತ್ರ ತೂತು. ಅದು ಸೇರಿಕೊಂಡ ಮೇಲೆ ಮುಂದಿನ ಮಣಿ ಪೋಣಿಸಲು ಬರುವುದಿಲ್ಲ, ಸರ ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಚೆಂದದ ವಿಷಯ ಅಂದರೆ, ಈ ಮದ್ದನ್ನು ಚುರುಕುಗೊಳಿಸುವ ಮೊದಲ ಹೆಜ್ಜೆಗೆ ವೈರಸ್ಸಿನದೇ ಒಂದು ಕಿಣ್ವ ಬೇಕು. ಹಾಗಾಗಿ ವೈರಸ್ ಇರುವ ಕೋಶದಲ್ಲಿ ಅದು ಜೋರಾಗಿ ಕೆಲಸ ಮಾಡುತ್ತದೆ, ಆರೋಗ್ಯವಾಗಿರುವ ಕೋಶದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇದರ ಹಿಂದೆ ಅಮೆರಿಕದ ಗರ್ಟ್ರೂಡ್ ಎಲಿಯನ್ ಅವರ ತಂಡ ಇದೆ. ಪಿಎಚ್‌ಡಿ ಮುಗಿಸಲು ಆಗದಿದ್ದ ಆ ಹೆಣ್ಣುಮಗಳು 1988ರಲ್ಲಿ ನೊಬೆಲ್ ಹಂಚಿಕೊಂಡರು. ಟ್ಯೂಬು ಕೈಗೆತ್ತಿಕೊಂಡಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಬರುತ್ತದೆ.

ಹಾಗಂತ ಪವಾಡ ಏನಿಲ್ಲ. ಈ ಕ್ರೀಮನ್ನು ಮದ್ದಿಲ್ಲದ ಖಾಲಿ ಕ್ರೀಮಿನ ಜೊತೆ ಹೋಲಿಸಿ ನೋಡಿದ ಎರಡು ದೊಡ್ಡ ಪರೀಕ್ಷೆಗಳ ಫಲ 2002ರಲ್ಲಿ ಪ್ರಕಟವಾಯಿತು. ಒಂದರಲ್ಲಿ ಗುಳ್ಳೆ ಇರುವ ಕಾಲ ಸರಾಸರಿ 4.8 ದಿನದಿಂದ 4.3ಕ್ಕೆ ಇಳಿಯಿತು, ಇನ್ನೊಂದರಲ್ಲಿ 5.2ರಿಂದ 4.6ಕ್ಕೆ. ಅಂದರೆ ಸುಮಾರು ಅರ್ಧ ದಿನದ ಲಾಭ. ನೋವೂ ಸ್ವಲ್ಪ ಬೇಗ ಇಳಿಯಿತು. ಗುಳ್ಳೆ ಏಳುವುದನ್ನೇ ತಡೆಯಲು ಮಾತ್ರ ಅದಕ್ಕೆ ಆಗಲಿಲ್ಲ. ಆ ಪರೀಕ್ಷೆಗಳಲ್ಲಿ ಗುಳ್ಳೆ ಎದ್ದ ಮೇಲೆ ಶುರು ಮಾಡಿದವರಿಗೂ ಲಾಭ ಸಿಕ್ಕಿತ್ತು, ಹಾಗಾಗಿ ಚುರುಚುರು ಹೊತ್ತು ತಪ್ಪಿಹೋಯಿತು ಅಂತ ಕೈಚೆಲ್ಲಬೇಕಿಲ್ಲ. ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುವ ಡೊಕೊಸನಾಲ್ ಕ್ರೀಮಿನ ಲಾಭವೂ ಹೆಚ್ಚುಕಡಿಮೆ ಇಷ್ಟೇ, ಪರೀಕ್ಷೆಯಲ್ಲಿ 18 ಗಂಟೆ. ಅರ್ಧ ದಿನಕ್ಕೆ ಇಷ್ಟೆಲ್ಲ ಪಾಡಾ ಅಂತ ನೀವು ಕೇಳಬಹುದು. ತುಟಿ ಊದಿಕೊಂಡು ನಗಲೂ ಆಗದೆ, ಮಿರ್ಚಿ ಭಜ್ಜಿ ಕಡೆ ನೋಡಲೂ ಆಗದೆ ಕೂತವರಿಗೆ ಅರ್ಧ ದಿನವೂ ದೊಡ್ಡದೇ. ಆದರೆ ಒಂದೇ ರಾತ್ರಿಯಲ್ಲಿ ಮಾಯ ಅಂತ ನಂಬಿ ಹಚ್ಚಿದರೆ ನಿರಾಸೆ ಖಂಡಿತ.

ಅದಕ್ಕೇ ಕ್ರೀಮಿನಷ್ಟೇ ಗಮನವನ್ನು ನಾನು ಬೇರೆ ವಿಷಯಗಳಿಗೂ ಕೊಡುತ್ತೇನೆ. ನನಗೆ ಮುಖ್ಯ ಕಾರಣ ಬಿಸಿಲು. ಸೂರ್ಯನ ನೇರಳಾತೀತ ಕಿರಣ ಈ ವೈರಸ್ಸನ್ನು ಎಬ್ಬಿಸುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಹೊಲಕ್ಕೆ ಹೊರಡುವಾಗ ಎಸ್‌ಪಿಎಫ್ ಇರುವ ಲಿಪ್ ಬಾಮ್ ಹಚ್ಚಿ, ಮುಖಕ್ಕೆ ದುಪಟ್ಟಾ ಸುತ್ತುತ್ತೇನೆ. ಎಸ್‌ಪಿಎಫ್ 15 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಬರೀ ವ್ಯಾಸಲೀನ್ ಸಾಲದು. ಇದನ್ನು ತಪ್ಪದೆ ಮಾಡತೊಡಗಿದ ಮೇಲೆ ನನಗೆ ಗುಳ್ಳೆ ಏಳುವುದೇ ಕಡಿಮೆಯಾಗಿದೆ.

ಮನೆಮದ್ದಿನ ಬಗ್ಗೆ ಎರಡು ಮಾತು. ಸುಣ್ಣ ಬೇಡವೇ ಬೇಡ, ಚರ್ಮ ಸುಡುತ್ತದೆ. ಟೂತ್‌ಪೇಸ್ಟೂ ಬೇಡ. ಹಕ್ಕಳೆ ಬಿರಿದು ನೋಯುವಾಗ ತುಪ್ಪ, ವ್ಯಾಸಲೀನ್ ಹಚ್ಚಿದರೆ ಮೆತ್ತಗಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಬಟ್ಟೆಯಲ್ಲಿ ಸುತ್ತಿದ ಐಸ್ ಉರಿ ಇಳಿಸುತ್ತದೆ. ಖಾರ, ಉಪ್ಪು, ಹುಳಿ ಬಿಟ್ಟು ಮೊಸರನ್ನ ತಿಂದರೆ ಹಾಯಾಗಿರುತ್ತದೆ. ಹಕ್ಕಳೆಯನ್ನು ಕೀಳಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಮಕ್ಕಳು. ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕೂಸಿಗೆ ಈ ವೈರಸ್ ತಗುಲಿದರೆ ಅದು ಮಿದುಳಿಗೆ, ಲಿವರಿಗೆ ಹೋಗಿ ಜೀವಕ್ಕೇ ಕುತ್ತು ತರಬಹುದು. ಚುರುಚುರು ಶುರುವಾದಾಗಿಂದ ಹಕ್ಕಳೆ ಉದುರಿ ಚರ್ಮ ಪೂರ್ತಿ ಕೂಡುವವರೆಗೂ ನಾನು ಯಾವ ಮಗುವಿಗೂ ಮುತ್ತು ಕೊಡುವುದಿಲ್ಲ. ಅಕ್ಕನ ಮಗಳ ತೊಟ್ಟಿಲ ಶಾಸ್ತ್ರದ ದಿನ ನನಗೆ ಗುಳ್ಳೆ ಇತ್ತು. ಕೂಸನ್ನು ಎತ್ತಿಕೋ ಅಂತ ಎಲ್ಲರೂ ಹೇಳಿದರು. ‘ಅಕ್ಕಾ, ತುಟಿ ವಾಸಿ ಆಗಲಿ, ಆಮೇಲೆ ಎತ್ತಿಕೊಳ್ತೀನಿ’ ಅಂದೆ. ಅತ್ತಿಗೆ ಮುನಿಸಿಕೊಂಡರು, ಅಕ್ಕ ಅರ್ಥ ಮಾಡಿಕೊಂಡಳು. ನಮ್ಮಲ್ಲಿ ಬಾಣಂತಿ ಮನೆಗೆ ಬಂದವರೆಲ್ಲ ಕೂಸಿನ ಕೆನ್ನೆಗೆ ತುಟಿ ಒತ್ತುತ್ತಾರೆ. ತುಟಿಯಲ್ಲಿ ಗುಳ್ಳೆ ಇದ್ದವರನ್ನು ನಯವಾಗಿ ತಡೆಯುವ ಹಕ್ಕು ತಾಯಿಗೆ ಇದೆ, ಮನೆಯವರು ಅವಳ ಬೆನ್ನಿಗೆ ನಿಲ್ಲಬೇಕು.

ದೊಡ್ಡವರ ನಡುವೆಯೂ ಆ ದಿನಗಳಲ್ಲಿ ಮುತ್ತು ಬೇಡ. ಬಾಯಿಂದ ಜನನಾಂಗಕ್ಕೂ ಈ ವೈರಸ್ ಹೋಗುತ್ತದೆ, ಆ ಸಂಪರ್ಕವೂ ಬೇಡ. ಲೋಟ, ಚಮಚ, ಟವೆಲ್, ಲಿಪ್‌ಸ್ಟಿಕ್ ಬೇರೆ ಇರಲಿ. ಎಂಜಲು ಮಾಡಬೇಡ ಅಂತ ಅಜ್ಜಿ ಹೇಳುತ್ತಿದ್ದುದು ಇಲ್ಲಿ ಅಕ್ಷರಶಃ ಸರಿ. ಗುಳ್ಳೆ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಕೈ ತೊಳೆಯದೆ ಕಣ್ಣಿನ ಹತ್ತಿರ ಹೋಗಲೇಬೇಡಿ.

ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಹತ್ತು ದಿನವಾದರೂ ವಾಸಿಯಾಗದಿದ್ದರೆ, ಗುಳ್ಳೆ ತುಂಬಾ ಹರಡಿದರೆ, ಗರ್ಭಿಣಿಯಾಗಿದ್ದರೆ, ಕ್ಯಾನ್ಸರ್ ಚಿಕಿತ್ಸೆಯಂಥ ಕಾರಣಕ್ಕೆ ಮೈಯ ಶಕ್ತಿ ತಗ್ಗಿದ್ದರೆ ಕ್ರೀಮು ನೆಚ್ಚಿಕೊಂಡು ಕೂರಬೇಡಿ. ಪದೇಪದೇ ಬರುವವರಿಗೆ ಮಾತ್ರೆಯ ದಾರಿಯೂ ಇದೆ. ವಾಲಾಸೈಕ್ಲೋವಿರ್ ಅಂತ, ಚುರುಚುರು ಶುರುವಾದ ತಕ್ಷಣ ಒಂದೇ ದಿನ ಎರಡು ಹೊತ್ತು ದೊಡ್ಡ ಡೋಸಿನಲ್ಲಿ ತೆಗೆದುಕೊಳ್ಳುವ ಕ್ರಮ ಇದೆ. ಅದನ್ನು ಬರೆಯಬೇಕಾದವರು ಡಾಕ್ಟರು, ಯಾಕೆಂದರೆ ಕಿಡ್ನಿ ತೊಂದರೆ ಇದ್ದವರಿಗೆ ಡೋಸು ಇಳಿಸಬೇಕಾಗುತ್ತದೆ. ಈ ಬೇಸಿಗೆಗೆ ನನ್ನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದಾರೆ. ಮಾತ್ರೆ ತೆಗೆದುಕೊಂಡ ಸಲ ಕ್ರೀಮು ಬೇಕಿಲ್ಲ, ಲಿಪ್ ಬಾಮ್ ಮಾತ್ರ ಬಿಡಬೇಡ ಅಂದಿದ್ದಾರೆ.