ಯಾಕೆ ಸತ್ತೆ ಎಂದು ಮೊದಲು ಬರೆದಿಡಿ: ವಾವ್ ಕ್ಲಾಸಿಕ್‌ಗೆ ಆಡ್-ಆನ್ ಹಾಕುವ ರೀತಿ

ನನ್ನ ಕೀಬೋರ್ಡ್ ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಪುಣೆಯ ಕರ್ವೆ ನಗರದ ಸ್ಟೇಷನರಿ ಅಂಗಡಿಯಲ್ಲಿ ತಂದದ್ದು. ಅದರಲ್ಲಿ ಬರೆಯುವುದು ವಾವ್, ಅಂದರೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ ಮೂರೇ ವಿಷಯ: ಇವತ್ತು ರೇಡಿನಲ್ಲಿ (ನಲವತ್ತು ಜನ ಸೇರಿ ದೊಡ್ಡ ಶತ್ರುಗಳ ಮೇಲೆ ಹೋಗುವ ಕಾಳಗದಲ್ಲಿ) ಯಾರು ಸತ್ತರು, ಯಾಕೆ ಸತ್ತರು, ಆಗ ನನ್ನ ಕಣ್ಣು ಎಲ್ಲಿತ್ತು. ಆಡ್-ಆನ್ ಬಗ್ಗೆ ಯಾರು ಕೇಳಿದರೂ ನಾನು ಈ ನೋಟ್‌ಬುಕ್ಕಿನಿಂದಲೇ ಶುರು ಮಾಡುತ್ತೇನೆ. ಯಾವ ಆಡ್-ಆನ್ ಒಳ್ಳೆಯದು ಎಂದು ಕೇಳುವ ಮೊದಲು, ನೀವು ಯಾಕೆ ಸಾಯುತ್ತಿದ್ದೀರಿ ಎಂದು ಗೊತ್ತಿರಬೇಕು ಅಲ್ವಾ?

ಮೊದಲ ಪುಟದಲ್ಲಿ ಹೀಗಿದೆ: "ಬ್ಯಾರನ್ ಗೆಡನ್. ಲಿವಿಂಗ್ ಬಾಂಬ್ ನನ್ನ ಮೇಲೇ ಇತ್ತು. ನೋಡಲಿಲ್ಲ. ಟ್ಯಾಂಕ್‌ನ ಹೆಲ್ತ್ ಬಾರ್ ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಐದು ಜನರೂ ಹೋದರು." ಗೆಡನ್ ಒಬ್ಬ ಬಾಸ್, ಅಂದರೆ ರೇಡಿನ ದೊಡ್ಡ ಶತ್ರು. ಲಿವಿಂಗ್ ಬಾಂಬ್ ಅವನು ಒಬ್ಬರ ಮೇಲೆ ಹಾಕುವ, ಸ್ವಲ್ಪ ಹೊತ್ತಿನಲ್ಲಿ ಸಿಡಿಯುವ ಬಾಂಬ್. ಟ್ಯಾಂಕ್ ಅಂದರೆ ಮುಂದೆ ನಿಂತು ಹೊಡೆತ ತಿನ್ನುವವರು.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು ಹದಿನೈದು ವರ್ಷ ಆಯಿತು. ಹಗಲು ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಶನಿವಾರ ರಾತ್ರಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ (ಅದೇ ಆಟದ ಹಳೆಯ ರೂಪ) ಪ್ರೀಸ್ಟ್, ಅಂದರೆ ಗಾಯ ವಾಸಿ ಮಾಡುವ ಹೀಲರ್. ಆಡುವುದು ಯುರೋಪಿನ ಸರ್ವರ್‌ನಲ್ಲಿ. ಅಲ್ಲಿ ರಾತ್ರಿ ಎಂಟಕ್ಕೆ ರೇಡ್ ಇದ್ದರೆ ನಮಗೆ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಅತ್ತೆ ಹಾಲ್‌ನಲ್ಲಿ ಮಲಗಿರುತ್ತಾರೆ. ಹೆಡ್‌ಫೋನ್ ಹಾಕಿ, ದೀಪ ಆರಿಸಿ ಆಡುತ್ತೇನೆ. ಅಷ್ಟು ನಿದ್ದೆ ಬಿಟ್ಟು ಕೂತ ಮೇಲೆ ಚೆನ್ನಾಗಿಯೇ ಆಡಬೇಕು ಎನ್ನುವುದು ನನ್ನ ಹಟ. ನಾನು ತಪ್ಪಿದರೆ ಇನ್ನು 39 ಜನರ ರಾತ್ರಿ ಹಾಳಾಗುತ್ತದೆ.

ಆಡ್-ಆನ್ ಅಂದರೆ ಆಟದೊಳಗೇ ಓಡುವ ಸಣ್ಣ ಪ್ರೋಗ್ರಾಂ. ಲುವಾ ಎಂಬ ಭಾಷೆಯಲ್ಲಿ ಆಟಗಾರರೇ ಬರೆಯುತ್ತಾರೆ, ಆಟದ ಕಂಪನಿ ಬ್ಲಿಝಾರ್ಡೇ ಅದಕ್ಕೆ ಅವಕಾಶ ಕೊಟ್ಟಿದೆ. ಇದು ಮೋಸ ಅಲ್ಲ. ಆಟಕ್ಕೆ ಗೊತ್ತಿರುವ ಸಂಗತಿಯನ್ನು ನಿಮ್ಮ ಕಣ್ಣಿಗೆ ಬೀಳುವ ಜಾಗಕ್ಕೆ ತಂದಿಡುವುದು ಅದರ ಕೆಲಸ. ನಿಮ್ಮ ಬದಲು ಯಾರಿಗೆ ಯಾವ ಸ್ಪೆಲ್ (ಮಂತ್ರ) ಎಂದು ತಾನೇ ಆರಿಸಿ ಹಾಕಲು ಅದಕ್ಕೆ ಆಗುವುದಿಲ್ಲ. 2006ರ ಕೊನೆಯಲ್ಲಿ ಬಂದ 2.0 ಪ್ಯಾಚ್ (ಆಟದ ಅಪ್‌ಡೇಟ್) ಆ ದಾರಿಯನ್ನು ಮುಚ್ಚಿತು. ತಾನೇ ಬಟನ್ ಒತ್ತುವ ಹೊರಗಿನ ಪ್ರೋಗ್ರಾಂ ಬೇರೆ ಜಾತಿ, ಅದನ್ನು ಹಾಕಿದರೆ ಅಕೌಂಟ್ ಬ್ಯಾನ್ ಆಗುತ್ತದೆ. ಇನ್ನೊಂದು ಗುರುತು: ಆಡ್-ಆನ್ ಉಚಿತವಾಗಿ ಸಿಗಬೇಕು, ಕೋಡ್ ಎಲ್ಲರಿಗೂ ಕಾಣಬೇಕು ಎಂದು ಬ್ಲಿಝಾರ್ಡ್ 2009ರಿಂದ ನಿಯಮ ಇಟ್ಟಿದೆ. ದುಡ್ಡು ಕೊಟ್ಟರೆ ಮಾತ್ರ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಆ ಕಡೆ ಹೋಗಬೇಡಿ.

ಹಾಕುವುದು ಸುಲಭ. ಕರ್ಸ್‌ಫೋರ್ಜ್ ಆ್ಯಪ್‌ನಲ್ಲಿ ನಿಮ್ಮ ಆಟದ ಬಗೆ ಕ್ಲಾಸಿಕ್ಕೋ ಹೊಸದೋ ಆರಿಸಿ, ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿ. ಕೈಯಾರೆ ಹಾಕುವುದಾದರೆ ಆಟದ ಫೋಲ್ಡರ್ ತೆರೆದು, ಕ್ಲಾಸಿಕ್ ಎರಾದೊಳಗೆ ಇಂಟರ್‌ಫೇಸ್, ಅದರೊಳಗೆ ಆಡ್‌ಆನ್ಸ್, ಅಲ್ಲಿ ಬಿಚ್ಚಿಡಿ. ಝಿಪ್ ಬಿಚ್ಚುವಾಗ ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗುವುದುಂಟು. ಆಗ ಆಟಕ್ಕೆ ಅದು ಕಾಣುವುದಿಲ್ಲ. ಒಳಗಿನದನ್ನು ಹೊರಗೆ ತಂದರೆ ಸರಿಯಾಗುತ್ತದೆ.

ಈಗ ಮುಖ್ಯ ವಿಷಯ. ಒಂದು ಸಲಕ್ಕೆ ಒಂದೇ ಆಡ್-ಆನ್ ಹಾಕಿ. ಅದೂ ನೋಟ್‌ಬುಕ್ಕಿನಲ್ಲಿ ಒಂದೇ ಕಾರಣ ಮೂರು ಸಲ ಬಂದ ಮೇಲೆ.

ನನ್ನ ಪುಟಗಳಲ್ಲಿ ಅತಿ ಹೆಚ್ಚು ಸಲ ಬಂದದ್ದು "ಟಾರ್ಗೆಟ್ ಮಾಡುವಷ್ಟರಲ್ಲಿ ಸತ್ತ" ಎನ್ನುವ ಸಾಲು. ಮೊದಲು ಹೆಸರಿನ ಮೇಲೆ ಕ್ಲಿಕ್, ಆಮೇಲೆ ಕೀ. ನಲವತ್ತು ಜನರ ರೇಡಿನಲ್ಲಿ ಆ ಒಂದು ಕ್ಲಿಕ್ಕೇ ದುಬಾರಿ. ಇದಕ್ಕೆ ವೂಡೂ ಹಾಕಿಕೊಂಡೆ. ಹೀಲ್‌ಬಾಟ್, ಗ್ರಿಡ್2 ಕೂಡ ಇದೇ ಕೆಲಸ ಮಾಡುತ್ತವೆ. ಗ್ರಿಡ್2 ಜೊತೆಗೆ ಕ್ಲಿಕ್ (Clique) ಎಂಬ ಇನ್ನೊಂದು ಆಡ್-ಆನ್ ಬೇಕು. ಇವು ನಲವತ್ತು ಜನರನ್ನೂ ಚಿಕ್ಕ ಚೌಕಗಳಲ್ಲಿ ಕೂರಿಸುತ್ತವೆ, ಚೌಕದ ಮೇಲೆ ಒತ್ತಿದರೆ ಸಾಕು, ಸ್ಪೆಲ್ ಅವರಿಗೇ ಹೋಗುತ್ತದೆ. ನನ್ನ ಜೋಡಣೆ: ಎಡ ಕ್ಲಿಕ್‌ಗೆ ಫ್ಲ್ಯಾಶ್ ಹೀಲ್, ಬಲ ಕ್ಲಿಕ್‌ಗೆ ಗ್ರೇಟರ್ ಹೀಲ್, ನಡುವಿನ ಚಕ್ರಕ್ಕೆ ಡಿಸ್ಪೆಲ್ (ಕೆಟ್ಟ ಪರಿಣಾಮ ತೆಗೆಯುವ ಸ್ಪೆಲ್), ಶಿಫ್ಟ್ ಹಿಡಿದು ಎಡ ಕ್ಲಿಕ್ ಮಾಡಿದರೆ ಶೀಲ್ಡ್.

ಚೌಕಗಳನ್ನು ಎಲ್ಲಿಡಬೇಕು ಎನ್ನುವುದು ಯಾವ ಆಡ್-ಆನ್ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಬಹಳ ಜನ ಎಡ ಮೂಲೆಗೆ ತಳ್ಳಿಬಿಡುತ್ತಾರೆ. ಆಗ ಕಣ್ಣು ಮೂಲೆಯಲ್ಲಿ, ಬೆಂಕಿ ಕಾಲ ಕೆಳಗೆ. ನಿಮ್ಮ ಪಾತ್ರದ ಪಾದದ ಸ್ವಲ್ಪ ಕೆಳಗೆ, ನಟ್ಟನಡುವೆ ಇಡಿ. ಚೌಕ ನೋಡುತ್ತಿದ್ದರೂ ನೆಲ ಕಣ್ಣಂಚಿನಲ್ಲಿ ಕಾಣುತ್ತಿರಬೇಕು.

ಆಮೇಲೆ ಬಣ್ಣ. ಡಿಬಫ್, ಅಂದರೆ ಶತ್ರು ನಮ್ಮ ಮೇಲೆ ಹಾಕುವ ಕೆಟ್ಟ ಪರಿಣಾಮ, ನಾಲ್ಕು ಬಗೆ: ಮ್ಯಾಜಿಕ್ ನೀಲಿ, ಕರ್ಸ್ (ಶಾಪ) ನೇರಳೆ, ರೋಗ ಕಂದು, ವಿಷ ಹಸಿರು. ಪ್ರೀಸ್ಟ್ ತೆಗೆಯಬಲ್ಲದ್ದು ಮ್ಯಾಜಿಕ್ ಮತ್ತು ರೋಗ ಮಾತ್ರ. ಹಾಗಾಗಿ ನನ್ನ ಪರದೆಯಲ್ಲಿ ನೀಲಿ ಮತ್ತು ಕಂದು ಮಾತ್ರ ಇಡೀ ಚೌಕವನ್ನು ತುಂಬುತ್ತವೆ, ಉಳಿದವು ಕಾಣುವುದೇ ಇಲ್ಲ. ಮೋಲ್ಟನ್ ಕೋರ್ ಎಂಬ ರೇಡಿನ ಮೊದಲ ಬಾಸ್ ಲೂಸಿಫ್ರಾನ್ ಹತ್ತಿರ ಇದರ ಬೆಲೆ ಗೊತ್ತಾಗುತ್ತದೆ. ಅವನು ಎರಡು ಡಿಬಫ್ ಹಾಕುತ್ತಾನೆ. ಇಂಪೆಂಡಿಂಗ್ ಡೂಮ್ ಮ್ಯಾಜಿಕ್, ಹತ್ತು ಸೆಕೆಂಡಿಗೆ ಸಿಡಿದು 2000 ಹೊಡೆತ ಕೊಡುತ್ತದೆ, ಅದು ನನ್ನ ಪಾಲು. ಇನ್ನೊಂದು ಕರ್ಸ್, ಮೇಜ್ ಮತ್ತು ಡ್ರೂಯಿಡ್‌ಗಳ ಪಾಲು. ಒಂದು ವಿನಾಯಿತಿ ಮಾತ್ರ ಇಟ್ಟುಕೊಂಡಿದ್ದೇನೆ: ಗೆಹೆನಸ್ ಎಂಬ ಬಾಸ್‌ನ ಕರ್ಸ್. ನನಗೆ ಅದನ್ನು ತೆಗೆಯಲು ಆಗುವುದಿಲ್ಲ, ಆದರೆ ಅದು ಬಿದ್ದವರಿಗೆ ಹೀಲ್ ಮುಕ್ಕಾಲು ಪಾಲು ಕಡಿಮೆಯಾಗುತ್ತದೆ. ಟ್ಯಾಂಕ್ ಮೇಲೆ ಬಿದ್ದರೆ ನನಗೆ ಗೊತ್ತಾಗಲೇಬೇಕು.

ಲಿವಿಂಗ್ ಬಾಂಬ್‌ಗೆ ಉತ್ತರ ಡೆಡ್ಲಿ ಬಾಸ್ ಮಾಡ್ಸ್, ಬಾಸ್ ಏನು ಮಾಡುತ್ತಿದ್ದಾನೆ ಎಂದು ಎಚ್ಚರಿಸುವ ಆಡ್-ಆನ್. ಎಲ್ಲರೂ ಡಿಬಿಎಂ ಎನ್ನುತ್ತಾರೆ. ಬಿಗ್‌ವಿಗ್ಸ್ ಕೂಡ ಅಷ್ಟೇ ಒಳ್ಳೆಯದು. ಎರಡರಲ್ಲಿ ಒಂದು ಸಾಕು, ಎರಡನ್ನೂ ಹಾಕಿದರೆ ಒಂದೇ ಎಚ್ಚರಿಕೆ ಎರಡೆರಡು ಸಲ ಬರುತ್ತದೆ. ಬಾಂಬ್ ಬಿದ್ದ ಮೇಲೆ ಎಂಟು ಸೆಕೆಂಡ್ ಸಮಯ. ಅಷ್ಟರಲ್ಲಿ ಜನರಿಂದ ದೂರ ಓಡಬೇಕು. ಎಂಟು ಸೆಕೆಂಡ್ ಸಾಕಷ್ಟು ದೊಡ್ಡದು, ಗೊತ್ತಾದರೆ.

ಡಿಬಿಎಂ ಹಾಕಿದ ಮೇಲೆ ಅರ್ಧ ಗಂಟೆ ಕೂತು ಅದರ ಬಾಯಿ ಮುಚ್ಚಿಸಬೇಕು. ಲ್ಯಾಬಿನಲ್ಲಿ ನಮ್ಮ ಮಷಿನ್ ಪ್ರತಿ ಸ್ಯಾಂಪಲ್‌ಗೂ ಬೀಪ್ ಎಂದರೆ ನಾವು ಯಾವ ಬೀಪ್‌ಗೂ ತಲೆ ಎತ್ತುವುದಿಲ್ಲ. ಮಿತಿ ದಾಟಿದ್ದಕ್ಕೆ ಮಾತ್ರ ಕೂಗಬೇಕು, ಆಗ ಕೈ ತಾನಾಗಿ ಎದ್ದು ಹೋಗುತ್ತದೆ. ಇಲ್ಲೂ ಹಾಗೇ. ಸೆಟ್ಟಿಂಗ್ಸ್‌ನಲ್ಲಿ ಒಂದೊಂದೇ ಬಾಸ್ ತೆರೆದು, "ಇದು ಬಂದರೆ ನಾನು ಏನಾದರೂ ಮಾಡುತ್ತೇನಾ?" ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ಟಿಕ್ ತೆಗೆಯಿರಿ. ಗೆಡನ್‌ಗೆ ನಾನು ಉಳಿಸಿದ್ದು ಎರಡೇ: ಬಾಂಬ್ ನನ್ನ ಮೇಲೆ ಬಿದ್ದಾಗ ದೊಡ್ಡ ಅಕ್ಷರ ಮತ್ತು ಶಬ್ದ, ಇನ್ಫರ್ನೋ (ಅವನ ಸುತ್ತ ಹರಡುವ ಬೆಂಕಿ) ಶುರುವಾದಾಗ ಬೇರೆ ಶಬ್ದ. ಒಂದೇ ಶಬ್ದ ಎರಡಕ್ಕೂ ಇಡಬೇಡಿ. ಕಣ್ಣಿಗೆ ಮೊದಲೇ ನಲವತ್ತು ಚೌಕ ನೋಡುವ ಕೆಲಸ ಇದೆ, ಕಿವಿ ಖಾಲಿ ಇದೆ. ಕಿವಿಗೆ ಕೆಲಸ ಕೊಡಿ.

ಮುಂದಿನದು ಭಾರತದಲ್ಲಿ ಕೂತು ಆಡುವ ನಮಗೇ ಹೆಚ್ಚು ಬೇಕಾದದ್ದು. ವಾವ್‌ಗೆ ನಮ್ಮ ದೇಶದಲ್ಲಿ ಸರ್ವರ್ ಇಲ್ಲ. ಪುಣೆಯ ನಮ್ಮ ಮನೆಯಿಂದ ನನ್ನ ಪಿಂಗ್, ಅಂದರೆ ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ, 150 ಮಿಲಿಸೆಕೆಂಡ್ ಆಸುಪಾಸು. ಫ್ಲ್ಯಾಶ್ ಹೀಲ್‌ಗೆ ಒಂದೂವರೆ ಸೆಕೆಂಡ್ ಬೇಕು, ಅಂದರೆ ನಿಮಿಷಕ್ಕೆ ಹೆಚ್ಚೆಂದರೆ 40. ಪ್ರತಿ ಹೀಲ್ ಮುಗಿದದ್ದು ಕಂಡ ಮೇಲೆ ಮುಂದಿನದನ್ನು ಒತ್ತಿದರೆ ನಡುವೆ 150 ಮಿಲಿಸೆಕೆಂಡ್ ಸುಮ್ನೆ ಹೋಗುತ್ತದೆ, ಆಗ ನಿಮಿಷಕ್ಕೆ 36ರಷ್ಟೇ. ನಾಲ್ಕು ಹೀಲ್ ಕಡಿಮೆ. ಟ್ಯಾಂಕ್ ಸಾಯಲು ಅಷ್ಟು ಸಾಕು.

ಇದಕ್ಕೆ ಕ್ವಾರ್ಟ್ಸ್ ಎಂಬ ಕಾಸ್ಟ್ ಬಾರ್ (ಸ್ಪೆಲ್ ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿ) ಹಾಕಿ. ಬಾರ್‌ನ ಕೊನೆಯಲ್ಲಿ ಅದು ಒಂದು ಕೆಂಪು ಪಟ್ಟಿ ತೋರಿಸುತ್ತದೆ. ಆ ಪಟ್ಟಿ ನಿಮ್ಮ ಪಿಂಗ್‌ನಷ್ಟು ಅಗಲ. ಬಾರ್ ಕೆಂಪಿಗೆ ಬಂದ ತಕ್ಷಣ ಮುಂದಿನದನ್ನು ಒತ್ತುವ ಅಭ್ಯಾಸ ಮಾಡಿ. ಜೊತೆಗೆ ಆಟದಲ್ಲೇ ಇರುವ ಒಂದು ಸೆಟ್ಟಿಂಗ್ ಸರಿಮಾಡಿಕೊಳ್ಳಿ. ಅದರ ಹೆಸರು ಸ್ಪೆಲ್ ಕ್ಯೂ ವಿಂಡೋ. ಈಗಿನ ಸ್ಪೆಲ್ ಮುಗಿಯುವ ಸ್ವಲ್ಪ ಮೊದಲು ಒತ್ತಿದ್ದನ್ನು ಆಟ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಆ "ಸ್ವಲ್ಪ ಮೊದಲು" ಎಷ್ಟು ಎನ್ನುವುದೇ ಈ ಸಂಖ್ಯೆ. ಮೊದಲಿನಿಂದ ಇರುವುದು 400 ಮಿಲಿಸೆಕೆಂಡ್. ಹೀಲರ್‌ಗೆ ಇದು ಜಾಸ್ತಿ ಎನ್ನುವುದು ನನ್ನ ಅನುಭವ. ಕೀಯನ್ನು ಎರಡೆರಡು ಸಲ ಒತ್ತುವವರಿಗಂತೂ ಬೇಡದ ಹೀಲ್ ಸಾಲಿನಲ್ಲಿ ನಿಂತುಬಿಡುತ್ತದೆ. ಪಿಂಗ್‌ಗೆ 100 ಸೇರಿಸಿ, ಅದೇ ನನ್ನ ಲೆಕ್ಕ. ನನ್ನದು 250. ಚಾಟ್ ಬಾಕ್ಸಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸ್ಲ್ಯಾಶ್ ಹಾಕಿ ಕನ್ಸೋಲ್ ಎಂದು ಬರೆದು, ಜಾಗ ಬಿಟ್ಟು ಸ್ಪೆಲ್‌ಕ್ಯೂವಿಂಡೋ ಎಂದು ಮೂರೂ ಪದ ಕೂಡಿಸಿ, ಮತ್ತೆ ಜಾಗ ಬಿಟ್ಟು ಸಂಖ್ಯೆ ಬರೆದು ಎಂಟರ್ ಒತ್ತಿ. ಪಿಂಗ್ ಎಷ್ಟೆಂದು ನೋಡಲು ಕೆಳಗಿನ ಮೆನು ಬಟನ್ ಮೇಲೆ ಮೌಸ್ ಇಡಿ. ಹೋಮ್, ವರ್ಲ್ಡ್ ಎಂದು ಎರಡು ಕಾಣುತ್ತವೆ. ಕಾಳಗಕ್ಕೆ ಲೆಕ್ಕ ವರ್ಲ್ಡ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ಮಾಮೂಲು, ಆದ್ದರಿಂದ ಲ್ಯಾಪ್‌ಟಾಪ್ ಇದ್ದರೂ ರೌಟರ್‌ಗೆ ಒಂದು ಚಿಕ್ಕ ಯುಪಿಎಸ್ ಇರಲಿ. ಇದು ಆಡ್-ಆನ್ ಅಲ್ಲ, ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಈ ಕಾರಣವೂ ಮೂರು ಸಲ ಬಂದಿದೆ.

ಮನಾ, ಅಂದರೆ ಸ್ಪೆಲ್ ಹಾಕಲು ಬೇಕಾದ ಶಕ್ತಿ, ಮುಗಿದು ಸತ್ತ ಪುಟಗಳೂ ಇವೆ. ಕ್ಲಾಸಿಕ್‌ನಲ್ಲಿ ಮನಾ ಖರ್ಚು ಮಾಡಿದ ಮೇಲೆ ಐದು ಸೆಕೆಂಡ್ ಸ್ಪಿರಿಟ್ ಎಂಬ ಗುಣದಿಂದ ಬರುವ ಮನಾ ನಿಲ್ಲುತ್ತದೆ. ಫೈವ್ ಸೆಕೆಂಡ್ ರೂಲ್ ಎಂಬ ಸಣ್ಣ ಆಡ್-ಆನ್ ಆ ಐದು ಸೆಕೆಂಡನ್ನು ಮನಾ ಬಾರ್ ಮೇಲೇ ತೋರಿಸುತ್ತದೆ. ನಾಲ್ಕು ಸೆಕೆಂಡ್ ಆಗಿದೆ, ಯಾರೂ ಸಾಯುವ ಸ್ಥಿತಿಯಲ್ಲಿಲ್ಲ ಎಂದರೆ ಇನ್ನೊಂದು ಕ್ಷಣ ಕೈ ತಡೆಹಿಡಿಯಿರಿ.

ಯಾರು ಎಷ್ಟು ಹೊಡೆದರು, ಎಷ್ಟು ಹೀಲ್ ಮಾಡಿದರು ಎಂದು ಲೆಕ್ಕ ಇಡುವ ಡೀಟೇಲ್ಸ್ ಎಂಬ ಮೀಟರ್ ಎಲ್ಲರ ಹತ್ತಿರ ಇರುತ್ತದೆ. ಯಾರು ಮೊದಲನೆಯವರು ಎಂದು ನೋಡಲು ಮಾತ್ರ ಬಳಸುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ. ಹೀಲರ್‌ಗೆ ಆ ಪಟ್ಟಿ ಹಾದಿ ತಪ್ಪಿಸುತ್ತದೆ. ಮೇಲೆ ಬರುವ ಆಸೆಗೆ ತುಂಬಿದ ಬಾರ್‌ಗೇ ಹೀಲ್ ಸುರಿಯುತ್ತೇವೆ. ಅದರಲ್ಲಿ ಸಾವಿನ ಪಟ್ಟಿ ತೆರೆಯಿರಿ. ಸತ್ತವರ ಹೆಸರು ಒತ್ತಿದರೆ ಕೊನೆಯ ಕೆಲವು ಸೆಕೆಂಡುಗಳಲ್ಲಿ ಏನು ಹೊಡೆಯಿತು, ಯಾವ ಹೀಲ್ ಬಂತು ಎಂದು ಸಾಲಾಗಿ ಇರುತ್ತದೆ. ನನ್ನ ನೋಟ್‌ಬುಕ್ ತುಂಬುವುದೇ ಇಲ್ಲಿಂದ. ಒಂದೇ ಹೊಡೆತಕ್ಕೆ ಹೋದರೆ ಅದು ಹೀಲರ್ ತಪ್ಪಲ್ಲ, ಅವರು ನಿಂತ ಜಾಗದ ತಪ್ಪು. ಮೂರು ಸೆಕೆಂಡ್ ನಿಧಾನವಾಗಿ ಇಳಿದು ಹೋದರೆ ಅದು ನಮ್ಮದು.

ವೀಕ್‌ಆರಾಸ್ ಬಗ್ಗೆ ಸ್ವಲ್ಪ. ಬೇಕಾದ ಸೂಚನೆಯನ್ನು ನಾವೇ ಪರದೆಯ ಮೇಲೆ ಮಾಡಿಕೊಳ್ಳುವ ಆಡ್-ಆನ್ ಇದು, ಅಂಥ ಒಂದೊಂದು ಸೂಚನೆಗೂ ಆರಾ ಎಂದು ಹೆಸರು. ಇದರಲ್ಲಿ ಏನು ಬೇಕಾದರೂ ಮಾಡಬಹುದು, ಅದಕ್ಕೇ ಕೊನೆಗೆ ಹಾಕಿ. ನನ್ನ ಹತ್ತಿರ ಒಂದೇ ಒಂದು ಆರಾ ಇದೆ: ಇನ್ನರ್ ಫೋಕಸ್ ಎಂಬ ಸ್ಪೆಲ್ ಮತ್ತೆ ಸಿದ್ಧವಾದಾಗ ಪರದೆಯ ನಡುವೆ ಚಿಕ್ಕ ಚಿತ್ರ. ಅದರ ಕೂಲ್‌ಡೌನ್ (ಮತ್ತೆ ಹಾಕಲು ಕಾಯಬೇಕಾದ ಸಮಯ) ಮೂರು ನಿಮಿಷ, ಮರೆತೇಬಿಡುತ್ತಿದ್ದೆ. ಬೇರೆಯವರು ಕೊಟ್ಟ ಆರಾ ಇಂಪೋರ್ಟ್ ಮಾಡುವಾಗ ಒಳಗೆ ಕಸ್ಟಮ್ ಕೋಡ್ ಇದೆ ಎಂದು ಅದು ತೋರಿಸಿದರೆ, ಕೊಟ್ಟವರು ಯಾರೆಂದು ನೋಡಿ ಮುಂದುವರಿಯಿರಿ.

ಇಷ್ಟೆಲ್ಲ ನಾನು ಕ್ಲಾಸಿಕ್‌ಗೆ ಹೇಳಿದ್ದು. ಹೊಸ ವಾವ್‌ನಲ್ಲಿ ಮಿಡ್‌ನೈಟ್ ಎಂಬ ವಿಸ್ತರಣೆ ಬಂದಾಗಿನಿಂದ ಕಾಳಗದ ಹೊತ್ತಿನ ಮಾಹಿತಿಯನ್ನು ಆಡ್-ಆನ್‌ಗಳು ಬಳಸುವುದಕ್ಕೆ ಬ್ಲಿಝಾರ್ಡ್ ಕಡಿವಾಣ ಹಾಕಿದೆ. ಬಾಸ್ ಎಚ್ಚರಿಕೆ, ಡ್ಯಾಮೇಜ್ ಮೀಟರ್ ಎಲ್ಲ ಆಟದಲ್ಲೇ ಕೊಟ್ಟಿದೆ. ಅಲ್ಲಿ ಆಡುವವರು ಮೊದಲು ಅವನ್ನೇ ತಮಗೆ ಬೇಕಾದಂತೆ ಜೋಡಿಸಿಕೊಳ್ಳಿ.

ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನೂ ಈಗ ನಮ್ಮ ಗಿಲ್ಡ್‌ನಲ್ಲಿ, ಅಂದರೆ ಆಟದ ತಂಡದಲ್ಲಿ, ಇದ್ದಾನೆ. ಮೊದಲ ವಾರವೇ ಫೋನ್ ಮಾಡಿದ. "ಅಕ್ಕಾ, ಸ್ಕ್ರೀನ್ ತುಂಬಾ ಏನೇನೋ ಬರಾಕತ್ತೇತಿ, ಆಟ ಜಗ್ಗಿ ಜಗ್ಗಿ ನಿಲ್ಲತೈತಿ." ಯಾರದೋ ವಿಡಿಯೋ ನೋಡಿ 46 ಆಡ್-ಆನ್ ಹಾಕಿದ್ದ. ಯಾವುದು ತೊಂದರೆ ಕೊಡುತ್ತಿದೆ ಎಂದು ಒಂದೊಂದೇ ತೆಗೆದು ನೋಡುತ್ತ ಕೂತರೆ ರಾತ್ರಿ ಮುಗಿಯುತ್ತದೆ. ಅರ್ಧ ಮಾಡುವ ದಾರಿ ಹಿಡಿಯಿರಿ. ಕ್ಯಾರೆಕ್ಟರ್ ಆರಿಸುವ ಪರದೆಯಲ್ಲಿ ಆಡ್‌ಆನ್ಸ್ ಬಟನ್ ಒತ್ತಿ 23 ಬಂದ್ ಮಾಡಿ ಆಡಿ ನೋಡಿ. ತೊಂದರೆ ಉಳಿದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ, ಹೋದರೆ ಬಂದ್ ಮಾಡಿದ ಅರ್ಧದಲ್ಲಿ. ಮತ್ತೆ ಅರ್ಧ. ಆರು ಸಲದಲ್ಲಿ ಸಿಕ್ಕಿಬೀಳುತ್ತದೆ. ತಮ್ಮನದು ಚೀಲದೊಳಗಿನ ಸಾಮಾನಿಗೆ ಬೆಲೆ ತೋರಿಸುವ ಒಂದು ಹಳೆಯ ಆಡ್-ಆನ್. ಕಾಳಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬಗ್‌ಗ್ರ್ಯಾಬರ್, ಬಗ್‌ಸ್ಯಾಕ್ ಎರಡೂ ಹಾಕಿದ್ದರೆ ದೋಷದ ಸಂದೇಶ ಅಲ್ಲೇ ಸಿಗುತ್ತಿತ್ತು.

ಎಲ್ಲ ಸರಿಹೊಂದಿದ ದಿನ ಡಬ್ಲ್ಯುಟಿಎಫ್ ಎಂಬ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ. ನಿಮ್ಮ ಸೆಟ್ಟಿಂಗ್ಸ್ ಎಲ್ಲ ಇರುವುದು ಅದರಲ್ಲಿ. ಆಡ್-ಆನ್ ಮತ್ತೆ ಇಳಿಸಿಕೊಳ್ಳಬಹುದು, ಮೂರು ವಾರ ಕೂತು ಜೋಡಿಸಿದ್ದು ಮತ್ತೆ ಬರುವುದಿಲ್ಲ. ಹೊಸದೇನಾದರೂ ಹಾಕಿದ ದಿನ ನೇರ ರೇಡ್‌ಗೆ ಹೋಗಬೇಡಿ. ಐದು ಜನರ ಡಂಜನ್ ಒಂದೆರಡು ಆಡಿ, ಕೈಗೆ ಹೊಂದಲಿ.

ಕಳೆದ ಶನಿವಾರ ಗೆಡನ್ ಬಾಂಬ್ ಮತ್ತೆ ನನ್ನ ಮೇಲೆ ಬಿತ್ತು. ಶಬ್ದ ಕೇಳಿತು, ಗೋಡೆಯ ಕಡೆ ಓಡಿದೆ, ಒಬ್ಬಳೇ ಹಾರಿ ಬಿದ್ದೆ, ಬದುಕಿದೆ. ಆ ರಾತ್ರಿಯ ಪುಟದಲ್ಲಿರುವುದು ಮೋಲ್ಟನ್ ಕೋರ್‌ನ ಕೊನೆಯ ಬಾಸ್ ರಾಗ್ನರಾಸ್: "ಮುಳುಗಿದ ಮೇಲೆ ಎದ್ದ ಸನ್ಸ್ ಆಫ್ ಫ್ಲೇಮ್ ಹತ್ತಿರ ನಿಂತಿದ್ದೆ. ಮನಾ ಸುಟ್ಟು ಹೋಯಿತು. ಚೌಕ ನೋಡುತ್ತಿದ್ದೆ." ಮೊದಲನೆಯ ಸಲ. ಇನ್ನೂ ಎರಡು ಸಲ ಬಂದರೆ ಅದಕ್ಕೂ ಒಂದು ಶಬ್ದ ಹುಡುಕುತ್ತೇನೆ.