ಪೆಟ್ರೋಲ್ ಜೀಪಿನಲ್ಲಿ ಭದ್ರಾವತಿ ಹಿಡಿದ ಕಥೆ

"ಪೆಟ್ರೋಲ್ ಜೀಪಲ್ಲಿ ಮೀಡಿಯಂ ವೇವ್ ಕೇಳ್ತೀಯೇನೋ? ಸಂಜೆ ಹೊತ್ತು ಮೆಣಸಿನಕಾಯಿ ಕರಿಯೋ ಬಾಣಲೆ ಮುಂದೆ ನಿಂತ್ಕೋ, ಅದೇ ಸದ್ದು ಪುಕ್ಕಟೆ ಕೇಳ್ಸುತ್ತೆ." ದಾವಣಗೆರೆ ಪಿ.ಬಿ. ರಸ್ತೆಯ ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಹೀಗಂದು ನಕ್ಕು ಎರಡು ವರ್ಷವಾಯಿತು. ಅವರಂದದ್ದು ಸುಳ್ಳಲ್ಲ. ಮೊದಲ ದಿನ ರೇಡಿಯೋ ಸೆಟ್ಟು ಹಾಕಿದಾಗ ಬಂದದ್ದು ಬಾಣಲೆ ಸದ್ದೇ. ಈಗ ಅದೇ ಜೀಪಿನಲ್ಲಿ, ಎಂಜಿನ್ ಓಡುತ್ತಿರುವಾಗಲೇ, ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮೀಡಿಯಂ ವೇವ್ ಸ್ಟೇಷನ್ ಕೇಳಿಕೊಂಡು ಚಿತ್ರದುರ್ಗಕ್ಕೆ ಹೋಗಿಬರುತ್ತೇನೆ. ಅದಕ್ಕೇ ಬರೆಯೋಣ ಅನ್ನಿಸಿತು.

ಗಾಡಿ ಅಪ್ಪನ ಕಾಲದ್ದು, 68ರ ಮಹೀಂದ್ರ ಸಿಜೆ3ಬಿ ಜೀಪು. ಎತ್ತರದ ಬಾನೆಟ್ಟು, 2.2 ಲೀಟರ್ ಹರಿಕೇನ್ ಎಂಜಿನ್, 12 ವೋಲ್ಟ್, ಬ್ಯಾಟರಿ ಚಾರ್ಜ್ ಮಾಡಲು ಡೈನಮೊ. ಡೀಸೆಲ್ ಎಂಎಂ540 ಜೀಪು ಇಟ್ಟುಕೊಂಡವರಿಗೆ ನನ್ನ ಅರ್ಧ ಕಷ್ಟ ಇಲ್ಲ ಬಿಡಿ, ಅವರಿಗೆ ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಇಗ್ನಿಷನ್ ಕಾಯಿಲೂ ಇಲ್ಲ. ಆ ಕಿಡಿಯೇ ರೇಡಿಯೋದಲ್ಲಿ ಬಾಣಲೆ ಸದ್ದಾಗೋದು. ಚಿತ್ರದುರ್ಗದ 102.6 ಎಫ್‌ಎಂ ಸಾಕು ಅನ್ನುವವರಿಗೂ ಇದು ಬೇಡ. ಎಫ್‌ಎಂಗೆ ಕಿಡಿಯ ಕಾಟ ಕಡಿಮೆ. ನನಗೆ ಬೇಕಿದ್ದದ್ದು ಅಪ್ಪ ಕೇಳುತ್ತಿದ್ದ ಸ್ಟೇಷನ್ನು, ಅದೂ ಡ್ಯಾಶಿಗೆ ಒಂದೇ ಒಂದು ತೂತು ಕೊರೆಯದೆ.

ಮೊದಲು 1,400 ರೂಪಾಯಿ ಕೊಟ್ಟು ಬ್ಲೂಟೂತ್ ಸೆಟ್ಟು ತಂದೆ. ಮನೆಗೆ ಬಂದು ನೋಡಿದರೆ ಅದರಲ್ಲಿ ಮೀಡಿಯಂ ವೇವೇ ಇಲ್ಲ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಆಮೇಲೆ ಗುಜರಿಯಲ್ಲಿ 450ಕ್ಕೆ ಒಂದು ಹಳೇ ಕ್ಯಾಸೆಟ್ ಸೆಟ್ಟು ಸಿಕ್ಕಿತು. ಕ್ಯಾಸೆಟ್ ತಿರುಗದಿದ್ದರೂ ರೇಡಿಯೋ ಜೀವಂತ ಇತ್ತು. ಎಡಗಡೆ ಡ್ಯಾಶ್ ಕೆಳಗೆ ಪಟ್ಟಿ ಕೊಟ್ಟು ನೇತುಹಾಕಿದೆ.

ಇನ್ನು ಸದ್ದಿನ ಬೇಟೆ. ಸದ್ದು ಒಂದಲ್ಲ, ಎರಡು: ಒಂದು ಚಟಪಟ, ಇನ್ನೊಂದು ಆಕ್ಸಿಲರೇಟರ್ ಜೊತೆ ಏರುವ ಕುಂಯ್ ರಾಗ. ಯಾವುದು ಎಲ್ಲಿಂದ ಅಂತ ತಿಳಿಯಲು ಸೆಟ್ಟಿಗೆ ಬ್ಯಾಟರಿಯಿಂದ ನೇರ ಲೈನ್ ಎಳೆದು, ಇಳಿಜಾರಿನಲ್ಲಿ ಮೂರನೇ ಗೇರಿನಲ್ಲೇ ಕೀ ಆಫ್ ಮಾಡಿದೆ. ಚಟಪಟ ಸತ್ತಿತು, ಕುಂಯ್ ಉಳಿಯಿತು. ಅಂದರೆ ಮೊದಲನೆಯದು ಇಗ್ನಿಷನ್, ಎರಡನೆಯದು ಡೈನಮೊ. ಖುಷಿಯಲ್ಲಿ ಓಡುತ್ತಿರುವಾಗಲೇ ಕೀ ಆನ್ ಮಾಡಿಬಿಟ್ಟೆ. ಸೈಲೆನ್ಸರ್ ತುಂಬ ಸುಡದ ಪೆಟ್ರೋಲ್ ಆವಿ ಇತ್ತು ಅನ್ನೋದು ನೆನಪಾಗಲಿಲ್ಲ. ಢಮ್! ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ದಿಕ್ಕಾಪಾಲು. ಕುರಿಯವನ ಬೈಗುಳ ತಿಂದದ್ದಲ್ಲದೆ ಸೀಳಿದ ಸೈಲೆನ್ಸರಿಗೆ ವೆಲ್ಡಿಂಗ್ 150 ರೂಪಾಯಿ. ಈ ಪರೀಕ್ಷೆ ಮಾಡುವವರು ಗಾಡಿ ನಿಂತ ಮೇಲಷ್ಟೇ ಮತ್ತೆ ಕೀ ಆನ್ ಮಾಡಿ.

ಇಗ್ನಿಷನ್ ಕಾಯಿಲಿಗೆ ಸದ್ದು ಹೀರುವ ಕಂಡೆನ್ಸರ್ ಹಾಕುವಾಗ ಇನ್ನೊಂದು ಪೆದ್ದತನ. ಕೀ ಕಡೆಯ ಟರ್ಮಿನಲ್ಲಿಗೆ ಹಾಕಬೇಕಾದ್ದನ್ನು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕಡೆಗೆ ಹಾಕಿದೆ. ಮನೆ ಮುಂದೆ ಚೆನ್ನಾಗೇ ಓಡಿತು. ಭರಮಸಾಗರ ದಾಟುವಷ್ಟರಲ್ಲಿ ಎಂಜಿನ್ ಕೆಮ್ಮಲು ಶುರು. ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿದರೆ ಕಾಯಿಲಿನ ಕರೆಂಟು ಕೊಟ್ಟು ಕಡಿಯುವ ಪಾಯಿಂಟು ನೀಲಿಗಟ್ಟಿ ಗುಳಿಬಿದ್ದಿತ್ತು. ಬೆಂಕಿಪೊಟ್ಟಣದ ಪಟ್ಟಿಯಲ್ಲಿ ಉಜ್ಜಿ ಉಜ್ಜಿ ಮನೆ ಸೇರಿದೆ. ಡೈನಮೊದಲ್ಲೂ ಹಾಗೇ: ಕಂಡೆನ್ಸರನ್ನು ದಪ್ಪ ವೈರಿನ ಟರ್ಮಿನಲ್ಲಿಗೇ ಹಾಕಿ, ಫೀಲ್ಡ್ ಟರ್ಮಿನಲ್ಲಿಗೆ ಅಪ್ಪಿತಪ್ಪಿಯೂ ಬೇಡ, ಚಾರ್ಜ್ ಹದ್ದುಬಸ್ತಿನಲ್ಲಿಡೋ ರೆಗ್ಯುಲೇಟರಿನ ಪಾಯಿಂಟು ಸುಟ್ಟುಹೋಗುತ್ತೆ. ಅದೊಂದು ತಪ್ಪು ಮಾತ್ರ ನಾನು ಮಾಡಲಿಲ್ಲ.

ಕಿಡಿಯ ಸದ್ದು ತಗ್ಗಿಸೋ ರೆಸಿಸ್ಟರ್ ಪ್ಲಗ್ ನಾಲ್ಕು, ಪ್ಲಗ್ಗಿನ ಕಾರ್ಬನ್ ವೈರ್ ಒಂದು ಸೆಟ್, ಸೇರಿ ಸುಮಾರು 1,300 ಆಯಿತು. ಚಟಪಟ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಮಾತ್ರ ಆರು ತಿಂಗಳು ತಿಂದುಹಾಕಿತು. ಒಂದು ದಿನ ರೇಡಿಯೋ ಹಚ್ಚಿಕೊಂಡೇ ಬಾನೆಟ್ ಎತ್ತಿ ಒರಗಿ ನಿಂತೆ, ಸದ್ದು ಬದಲಾಯಿತು. ಕೈಯಿಂದ ಒತ್ತಿದರೆ ಕಮ್ಮಿ, ಬಿಟ್ಟರೆ ಜಾಸ್ತಿ. ಬಾನೆಟ್ಟು ಕೂತಿರೋದು ರಬ್ಬರ್ ಮೇಲೆ, ಅದರ ಕೀಲುಗಳಿಗೆ ಬಣ್ಣ ಮೆತ್ತಿದೆ, ಅರ್ತ್ ಎಲ್ಲಿಂದ ಬರಬೇಕು? ಇಡೀ ತಗಡೇ ಏರಿಯಲ್ಲಾಗಿ ಕಿಡಿಯ ಸದ್ದನ್ನು ಊರಿಗೆಲ್ಲ ಸಾರುತ್ತಿತ್ತು. ಲಾರಿ ಬ್ಯಾಟರಿಯ ಹಳೇ ಜಡೆ ಪಟ್ಟಿ ಕತ್ತರಿಸಿ ಬಾನೆಟ್ಟಿನ ಎರಡೂ ಬದಿಗೆ, ಎಂಜಿನ್ನಿನಿಂದ ಚಾಸಿಗೊಂದು, ಏರಿಯಲ್ ಬುಡಕ್ಕೊಂದು ಕೊಟ್ಟೆ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ತಗಡು ಹೊಳೆಯಬೇಕು, ಆಮೇಲೆ ಗ್ರೀಸು. ಖರ್ಚು 80 ರೂಪಾಯಿ. ಸಾವಿರಾರು ಸುರಿದಾಗ ಆಗದ ಕೆಲಸ ಆ 80ರಲ್ಲಿ ಆಯಿತು.

ಕುಂಯ್ ಪೂರ್ತಿ ನಿಲ್ಲಲು ಸೆಟ್ಟಿನ ಲೈನಿಗೆ ಚೋಕ್, ಅಂದರೆ ಸದ್ದು ತಡೆಯೋ ತಂತಿಯ ಸುರುಳಿ, ಬೇಕಾಯಿತು. ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ತಂತಿ ಸುಮ್ಮನೆ ಕೊಟ್ಟರು. ಎಷ್ಟು ಸುತ್ತು, ಯಾವುದರ ಮೇಲೆ ಸುತ್ತಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಹನ್ನೊಂದು ಚೋಕ್ ಹಾಳು ಮಾಡಿ ಕಲಿತದ್ದು ಅದು.

ಸ್ಪೀಕರ್ ಕಥೆ ಬೇರೆ. ಹಿಂದಿನ ಬೆಂಚಿನ ಕೆಳಗೆ ಓವಲ್ ಸ್ಪೀಕರ್ ಕೂರಿಸಿದೆ. 40ರ ಸ್ಪೀಡ್ ದಾಟಿದರೆ ಟಾರ್ಪಾಲಿನ ಪಟಪಟ ಬಿಟ್ಟು ಏನೂ ಕೇಳಿಸದು. ಮೊದಲ ಮಳೆಗೇ ಕಾಗದದ ಕೋನು ಹಪ್ಪಳವಾಯಿತು, 900 ನೀರುಪಾಲು. ಹಟಕ್ಕೆ ಬಿದ್ದು ಎಲೆಕ್ಷನ್ ಪ್ರಚಾರದ ಆಟೋಗೆ ಕಟ್ಟುವ ಹಾರ್ನ್ ಸ್ಪೀಕರನ್ನೂ ಒಂದು ಭಾನುವಾರ ಕಟ್ಟಿ ನೋಡಿದೆ. ಮಾತೇನೋ ಗಾಳಿ ಸೀಳಿಕೊಂಡು ಬಂತು. ಆದರೆ ಹದಡಿ ರಸ್ತೆಯಲ್ಲಿ ಒಬ್ಬ ಅಜ್ಜ ಕೈ ಅಡ್ಡ ಹಾಕಿ, "ಯಾವ್ ಪಾರ್ಟಿದಪ್ಪಾ?" ಅಂದ. ಅವತ್ತೇ ಬಿಚ್ಚಿದೆ.

ಕೊನೆಗೆ ಗೆದ್ದದ್ದು ನಾಲ್ಕಿಂಚಿನ ಪ್ಲಾಸ್ಟಿಕ್ ಕೋನಿನ ಜೋಡಿ. 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ಡಿನ ಪುಟ್ಟ ಪೆಟ್ಟಿಗೆ ಮಾಡಿಸಿ, ಬಾಯಿ ಮೇಲ್ಮುಖ ಮಾಡಿ ಡ್ಯಾಶ್ ಅಂಚಿಗೆ ಕೂರಿಸಿದೆ. ಸದ್ದು ಮುಂದಿನ ಗಾಜಿಗೆ ಬಡಿದು ನೇರ ಮುಖಕ್ಕೆ ಬರುತ್ತೆ. ಗಾಜು ಮಡಚಿ ಬಾನೆಟ್ ಮೇಲೆ ಮಲಗಿಸಿದರೆ ಮಾತ್ರ ಆಕಾಶಕ್ಕೆ ಹಾಡು.

ಮಧ್ಯೆ ಆಂಪ್ಲಿಫೈಯರ್ ಆಸೆಯೂ ಹುಟ್ಟಿತ್ತು. ಡೈನಮೊ ಐಡಲ್ಲಿನಲ್ಲಿ ಚಾರ್ಜ್ ಕೊಡೋದಿಲ್ಲ ಅನ್ನೋದನ್ನು ಮರೆತು ಚಿತ್ರದುರ್ಗದ ಜೋಗಿಮಟ್ಟಿ ಕಡೆ ಎಂಜಿನ್ ಹಾಗೇ ಬಿಟ್ಟು ಒಂದು ಗಂಟೆ ಹಾಡು ಹಚ್ಚಿದೆ. ಹೆಡ್‌ಲೈಟು ದೀಪಾವಳಿ ಹಣತೆಯಾಯಿತು. ಎಂಜಿನ್ ಬಂದ್ ಮಾಡಿದವನಿಗೆ ಸೆಲ್ಫ್ ಕಿರ್ರ್ ಅನ್ನಲೂ ಇಲ್ಲ. ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿಸಿದರು. ಆಂಪ್ಲಿಫೈಯರ್ ಈಗ ಅಳಿಯನ ಓಮ್ನಿಯಲ್ಲಿದೆ.

ಒಟ್ಟು ಖರ್ಚು ಏಳು ಸಾವಿರದ ಹತ್ತಿರ ಬಂದಿರಬೇಕು, ಅದರಲ್ಲಿ ಕೆಲಸಕ್ಕೆ ಬಂದದ್ದು ಮೂರೂವರೆ. ಹೋದ ತಿಂಗಳು ಎಲೆಕ್ಟ್ರಿಷಿಯನ್ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆನಗೋಡಿನವರೆಗೆ ಹೋಗಿ ಬಂದೆ. ಪ್ರದೇಶ ಸಮಾಚಾರ ಮುಗಿಯುವವರೆಗೂ ತುಟಿ ಪಿಟಕ್ ಅನ್ನಲಿಲ್ಲ. ಇಳಿಯುವಾಗ ಬಗ್ಗಿ ಡ್ಯಾಶ್ ಕೆಳಗೆ ನೋಡಿ, "ಚೋಕ್ ಎಷ್ಟು ಸುತ್ತು ಹಾಕೀಯೋ?" ಅಂದರು. ಬೆಣ್ಣೆದೋಸೆ ಕೊಡಿಸಿದರೆ ಹೇಳ್ತೀನಿ ಅಂದೆ. ಕೊಡಿಸಿದರು. ಆದರೂ ಹೇಳಲಿಲ್ಲ.

ವೈಪರ್ ಹಾಕಿದರೆ ಮಾತ್ರ ಬಾಣಲೆ ಇನ್ನೂ ಕಾಯುತ್ತೆ. ಆ ಮೋಟರಿಗೂ ಒಂದು ಕಂಡೆನ್ಸರ್ ತಂದಿಟ್ಟಿದ್ದೇನೆ, ಮಳೆ ಶುರುವಾಗಲಿ.